ಅಡ್ಡಹೆಸರಿನ ಮೂಲ ಹುಡುಕುವುದು ಹೇಗೆ, ಅರ್ಜಿಯಲ್ಲಿ ಬರೆಯುವುದು ಹೇಗೆ

ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೆ ಎರಡು ಕಲಂ. ಒಂದು ನಿಮ್ಮ ಹೆಸರಿಗೆ, ಇನ್ನೊಂದು ಸರ್‌ನೇಮ್‌ಗೆ, ಅಂದರೆ ನಮ್ಮ ಕಡೆ ಅಡ್ಡಹೆಸರು ಎನ್ನುವುದಕ್ಕೆ. ಧಾರವಾಡ, ಗದಗ, ಬೆಳಗಾವಿ ಕಡೆಯ ಹುಡುಗರು ಎರಡನ್ನೂ ಸರಸರ ತುಂಬಿಬಿಡುತ್ತಾರೆ. ಮಂಡ್ಯ, ಹಾಸನ, ಮೈಸೂರಿನ ಮಕ್ಕಳು ಎರಡನೆಯ ಕಲಂಗೆ ಬಂದು ನಿಂತುಬಿಡುತ್ತಾರೆ. ನಾನು ನವಲಗುಂದ ತಾಲೂಕಿನ ಸರಕಾರಿ ಶಾಲೆಯಲ್ಲಿ ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾದವಳು. ಮಗಳ ಮನೆ ಮೈಸೂರಿನಲ್ಲಿರುವುದರಿಂದ ಎರಡೂ ಕಡೆಯ ಮಕ್ಕಳಿಗೆ ಅರ್ಜಿ ತುಂಬಿಸಿಕೊಟ್ಟಿದ್ದೇನೆ. ಅರ್ಜಿ ಮುಟ್ಟುವ ಮೊದಲು ಹೆಸರು ಎಲ್ಲಿಂದ ಬಂತು ಎಂದು ತಿಳಿದುಕೊಂಡು ಬನ್ನಿ ಎಂದೇ ಎಲ್ಲರಿಗೂ ಹೇಳುತ್ತೇನೆ. ಒಮ್ಮೆ ಅಚ್ಚಾದ ಹೆಸರು ನಿಮ್ಮ ಮೊಮ್ಮಕ್ಕಳ ತನಕ ಹೋಗುತ್ತದೆ.

ನಮ್ಮ ಒಂದೇ ರಾಜ್ಯದಲ್ಲಿ ಎರಡು ಪದ್ಧತಿ ಯಾಕೆ? ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಸೀಮೆ 1956ರವರೆಗೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿನ ಕಚೇರಿಯ ರೂಢಿಯಂತೆ ಮೊದಲು ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಹಳೆಯ ಮೈಸೂರಿನಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು. ಊರು, ತಂದೆ ಎರಡೂ ಇನಿಷಿಯಲ್ ಆಗಿ ಕೂತವು. ಹಾಗಾಗಿ ಮೈಸೂರಿನವರಿಗೆ ಅಡ್ಡಹೆಸರೇ ಇಲ್ಲ ಎಂಬ ಮಾತು ಸರಿಯಲ್ಲ. ಇದೆ, ಹೆಸರಿನ ಮುಂದುಗಡೆ ಒಂದಕ್ಷರವಾಗಿ ಇದೆ.

ಈಗ ಹುಡುಕುವ ಕೆಲಸ. ಮೊದಲು ಮನೆಯ ಹಿರಿಯ ಹೆಣ್ಣುಮಕ್ಕಳ ಹತ್ತಿರ ಕೂಡಿ. ಅಜ್ಜಿ ಇದ್ದರೆ ಅಜ್ಜಿ, ಇಲ್ಲದಿದ್ದರೆ ತಂದೆಯ ಅಕ್ಕತಂಗಿಯರು. ಗಂಡಸರಿಗೆ ಕಾಗದದಲ್ಲಿರುವ ಹೆಸರು ಗೊತ್ತಿರುತ್ತದೆ. ಊರವರು ಬಾಯಲ್ಲಿ ಕರೆಯುತ್ತಿದ್ದ ಹೆಸರು ಗೊತ್ತಿರುವುದು ಹೆಂಗಸರಿಗೆ. ಕೊಟ್ಟ ಮನೆಯಲ್ಲಿ "ಯಾರ ಪೈಕಿ ನೀ?" ಎಂಬ ಪ್ರಶ್ನೆಗೆ ಜೀವಮಾನವಿಡೀ ಉತ್ತರ ಹೇಳಿದವರು ಅವರೇ. "ನಮ್ಮ ಸರ್‌ನೇಮ್ ಏನು?" ಎಂದು ಕೇಳಬೇಡಿ. "ಮಂದಿ ನಮ್ಮನಿಗೆ ಏನಂತ ಕರೀತಿದ್ರು?" ಎಂದು ಕೇಳಿ. ಅದರ ಹಿಂದೆಯೇ ಮನೆದೇವರು ಯಾವುದು, ಬೆಡಗು (ಮನೆತನ ಸೇರಿದ ಕುಲ) ಯಾವುದು, ವರ್ಷಕ್ಕೊಮ್ಮೆ ಯಾವ ಊರಿಗೆ ಕಾಯಿ ಒಡೆಸಲು ಹೋಗುತ್ತಿದ್ದರು ಎಂದೂ ಕೇಳಿ ಬರೆದುಕೊಳ್ಳಿ. ಊರು ಬಿಟ್ಟವರು ಹೊಲ ಬಿಡುತ್ತಾರೆ, ಮನೆ ಬಿಡುತ್ತಾರೆ, ಮನೆದೇವರನ್ನು ಬಿಡುವುದಿಲ್ಲ. ಈಗ ಹುಬ್ಬಳ್ಳಿಯಲ್ಲಿರುವ ಮನೆತನದ ದೇವರು ಗೊಡಚಿ ವೀರಭದ್ರನಾದರೆ ಹಿರಿಯರನ್ನು ರಾಮದುರ್ಗದ ಸುತ್ತ ಹುಡುಕಲು ಶುರುಮಾಡಬಹುದು. ಖಾತ್ರಿಯಲ್ಲ, ಆದರೆ ಒಳ್ಳೆಯ ದಿಕ್ಕು.

ಆಮೇಲೆ ಹೆಸರು ಯಾವ ಜಾತಿಯ ಹೆಸರು ಎಂದು ನೋಡಿ. ಇಲ್ಲಿ ಜಾತಿ ಎಂದರೆ ಬಗೆ ಅಷ್ಟೇ. ನಮ್ಮ ಕಡೆ ಊರಿನ ಹೆಸರು, ಹುದ್ದೆ, ಕಸುಬು, ಮಾರುವ ಮಾಲು, ಮನೆ ಇದ್ದ ಜಾಗ, ಮಠ ಇವೇ ಮುಖ್ಯ. ಕುಲಕರ್ಣಿ, ದೇಸಾಯಿ, ಪಾಟೀಲ, ನಾಡಗೌಡ, ಇನಾಂದಾರ, ತಳವಾರ ಇವು ಹುದ್ದೆಗಳು. ಬಡಿಗೇರ, ಪತ್ತಾರ, ಕಂಬಾರ, ಹೂಗಾರ ಕಸುಬುಗಳು. ಮೆಣಸಿನಕಾಯಿ, ಉಳ್ಳಾಗಡ್ಡಿ (ಈರುಳ್ಳಿ), ಬೆಲ್ಲದ ಎಂಬ ಹೆಸರು ಕೇಳಿ ಬೆಂಗಳೂರಿನ ಮಕ್ಕಳು ನಗುವುದನ್ನು ನೋಡಿದ್ದೇನೆ, ನನಗೆ ಬೇಸರವಾಗುತ್ತದೆ. ಒಂದು ಮನೆತನದ ದುಡಿಮೆ, ವ್ಯಾಪಾರ ಆ ಹೆಸರಿನಲ್ಲಿ ಉಳಿದಿರಬಹುದು. ಮೂಲಿಮನಿ, ಹೊಸಮನಿ, ದೊಡ್ಡಮನಿ ಎಂದರೆ ಓಣಿಯಲ್ಲಿ ಮನೆ ಎಲ್ಲಿತ್ತು, ಹೇಗಿತ್ತು ಎಂಬುದರ ಗುರುತು.

ಪಾಟೀಲ ಎಂದ ಕೂಡಲೇ ಇಂಥ ಜಾತಿ ಎಂದು ತೀರ್ಮಾನಿಸುವವರಿದ್ದಾರೆ. ತಪ್ಪು. ಪಾಟೀಲಕಿ ಊರಿನ ಆಡಳಿತದ ಹಕ್ಕು. ಲಿಂಗಾಯತರಲ್ಲಿ, ಮರಾಠರಲ್ಲಿ, ಜೈನರಲ್ಲಿ, ಮುಸಲ್ಮಾನರಲ್ಲಿ ಎಲ್ಲರಲ್ಲೂ ಪಾಟೀಲರಿದ್ದಾರೆ. ನನ್ನ ತರಗತಿಯಲ್ಲಿ ಹೊಸ ಮಗುವಿನ ಅಡ್ಡಹೆಸರು ಕೇಳಿ ಜಾತಿ ಲೆಕ್ಕ ಹಾಕಲು ಯಾವ ಶಿಕ್ಷಕರಿಗೂ ನಾನು ಬಿಡಲಿಲ್ಲ. ನೀವೂ ಬಿಡಬೇಡಿ. ಹೆಸರಿನಿಂದ ಅಂಥ ಅವಮಾನ ಅನುಭವಿಸಿದ ಮನೆಯವರು ಅದನ್ನು ಕೈಬಿಟ್ಟು ಬೇರೆ ಹೆಸರು ಇಟ್ಟುಕೊಂಡರೆ ಅದು ಅವರ ಹಕ್ಕು. ಹಳೆಯದನ್ನು ಕೆದಕಿ ಕೇಳುವ ಅಧಿಕಾರ ಯಾರಿಗೂ ಇಲ್ಲ.

ಊರಿನ ಹೆಸರಿನ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಮನ್ಸೂರು ಧಾರವಾಡದ ಹತ್ತಿರದ ಹಳ್ಳಿ. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಹುಟ್ಟಿದವರು. ಆದರೆ ಮನ್ಸೂರಿನಲ್ಲೇ ಇದ್ದವರನ್ನು ಅಲ್ಲಿಯವರು ಮನ್ಸೂರ ಎಂದು ಯಾಕೆ ಕರೆಯಬೇಕು? ಹೊರಗೆ ಹೋದವರಿಗೆ ಮಾತ್ರ ಆ ಗುರುತು ಬೇಕು. ಹಾಗಾಗಿ ನಿಮ್ಮ ಅಡ್ಡಹೆಸರು ಊರಿನದಾದರೆ ನಿಮ್ಮ ಹಿರಿಯರು ಯಾವಾಗಲೋ ಆ ಊರು ಬಿಟ್ಟು ಬಂದರು ಎಂದು ಹಿಡಿದು ಹುಡುಕಿ. ಎಷ್ಟು ಹಿಂದೆ ಎಂಬುದು ಹೆಸರಿನಿಂದ ತಿಳಿಯುವುದಿಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, ಅವರ ಇನಿಷಿಯಲ್ 'ಎಂ' ಮಾತ್ರ ಆಂಧ್ರದ ಮೋಕ್ಷಗುಂಡಂ ಎಂಬ ಊರಿನದು. ಇನ್ನೊಂದು ಎಚ್ಚರಿಕೆ, ಒಂದೇ ಹೆಸರಿನ ಊರುಗಳು. ಬೆಟಗೇರಿ ಎಂದರೆ ಎಲ್ಲರಿಗೂ ಗದಗ ನೆನಪಾಗುತ್ತದೆ, ಆದರೆ ಬೆಟಗೇರಿ ಕೃಷ್ಣಶರ್ಮರ ಬೆಟಗೇರಿ ಗೋಕಾಕ ತಾಲೂಕಿನದು. ಮನೆದೇವರನ್ನು ಮೊದಲೇ ಬರೆದಿಟ್ಟುಕೊಳ್ಳಿ ಎಂದದ್ದು ಇಂಥಲ್ಲಿ ಉಪಯೋಗಕ್ಕೆ ಬರುತ್ತದೆ.

ನಮ್ಮ ಕಡೆಯ ರೈತ ಮನೆತನಗಳಿಗೆ ಕಾಗದಕ್ಕಿಂತ ಹಳೆಯ ದಾಖಲೆ ಇನ್ನೊಂದಿದೆ, ಹೆಳವರು. ಸುಗ್ಗಿ ಮುಗಿದ ಮೇಲೆ ಅವರು ಊರಿಗೆ ಬರುತ್ತಾರೆ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುವುದು ಹಳೆಯ ಪದ್ಧತಿ. ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಇವತ್ತಿನ ಯಜಮಾನನ ತನಕ ಹೆಸರು ಹೇಳಿಕೊಂಡು ಬರುತ್ತಾರೆ. ಯಾವ ಊರಿಂದ ಎದ್ದು ಬಂದಿರಿ, ಯಾರು ಯಾವ ಊರಿಗೆ ಹೋಗಿ ನೆಲೆಸಿದರು, ಬೆಡಗು ಯಾವುದು, ಎಲ್ಲವೂ ಅವರ ನಾಲಿಗೆಯ ಮೇಲೆ. ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ಸೇರಿಸಿಕೊಂಡು ಹೋಗುತ್ತಾರೆ. ಪ್ರತಿ ಹೆಳವನಿಗೂ ತನ್ನ ಪಾಲಿಗೆ ಬಂದ ಮನೆತನಗಳಿರುತ್ತವೆ. ಹಾಗಾಗಿ ಊರಿನಲ್ಲಿ ಕೇಳಿ, ನಿಮ್ಮ ಮನೆತನಕ್ಕೆ ಬರುವವರು ಯಾರು ಎಂದು ಪತ್ತೆ ಮಾಡಿ, ಅವರು ಬರುವ ಕಾಲಕ್ಕೆ ನೀವೂ ಊರಲ್ಲಿರಿ.

ಅವರು ಹೇಳಲು ತೊಡಗಿದಾಗ ನಡುವೆ ತಡೆಯಬೇಡಿ. ಹೆಸರುಗಳು ಲಯದ ಮೇಲೆ ಬರುತ್ತವೆ, ಲಯ ತಪ್ಪಿದರೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಅವರನ್ನು ಕೇಳಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮುಗಿದ ಮೇಲೆ ಪ್ರಶ್ನೆ ಕೇಳಿ. ಬಹಳ ಹಿಂದಿನ ತಲೆಮಾರಿಗೆ ಹೋದಂತೆ ಪುರಾಣ ಬೆರೆಯುತ್ತದೆ, ನಾಲ್ಕೈದು ತಲೆಮಾರಿನ ತನಕದ್ದನ್ನು ಕಾಗದಗಳ ಜೊತೆ ತಾಳೆ ನೋಡಬಹುದು. ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಬರುವುದಿಲ್ಲ. ಅಜ್ಜಿಯನ್ನು ಕೇಳಿ ನೀವೇ ಪಕ್ಕದಲ್ಲಿ ಬರೆದುಕೊಳ್ಳಿ. ಮತ್ತೆ, ಅವರಿಗೆ ಸಲ್ಲಬೇಕಾದ ಕಾಳು, ಬಟ್ಟೆ, ದುಡ್ಡು ಕೈತುಂಬ ಕೊಡಿ. ಸರಕಾರದ ಯಾವ ಕಪಾಟಿನಲ್ಲೂ ಇಲ್ಲದ್ದನ್ನು ಅವರು ತಲೆಮಾರುಗಳಿಂದ ಕಾದಿದ್ದಾರೆ.

ಕಾಗದದ ಪೈಕಿ ಮೊದಲು ಶಾಲೆಯ ದಾಖಲಾತಿ ರಜಿಸ್ಟರ್ ನೋಡಿ. ಜೂನ್ ತಿಂಗಳಲ್ಲಿ ಮೊಮ್ಮಗನ ಕೈ ಹಿಡಿದು ಅಜ್ಜಿ ಬರುತ್ತಾಳೆ. ತಂದೆ ತಾಯಿ ಹೊಲದಲ್ಲಿ. "ಅಡ್ಡಹೆಸರು ಏನವ್ವಾ?" ಎಂದರೆ "ಮೂಲಿ ಮನಿಯವ್ರು ಅಂತಾರ್ರಿ" ಎನ್ನುತ್ತಾಳೆ. ರಜಿಸ್ಟರಿನಲ್ಲಿ ಮೂಲಿಮನಿ ಎಂದು ಬೀಳುತ್ತದೆ. ಅದೇ ಮನೆಯ ಇನ್ನೊಬ್ಬ ಮಗ ಬೇರೆ ಊರಿನಲ್ಲಿ ಮಗುವನ್ನು ಶಾಲೆಗೆ ಹಚ್ಚುವಾಗ ಊರಿನ ಹೆಸರು ಬರೆಸುತ್ತಾನೆ. ಅಣ್ಣತಮ್ಮಂದಿರ ಮಕ್ಕಳಿಗೆ ಎರಡು ಅಡ್ಡಹೆಸರು. ನಿಮ್ಮ ಸಂಬಂಧಿಕರಲ್ಲಿ ಬೇರೆ ಅಡ್ಡಹೆಸರು ಕಂಡರೆ ಅವರು ಬೇರೆ ಮನೆತನ ಎಂದು ತಳ್ಳಿಹಾಕಬೇಡಿ, ಅಜ್ಜನ ಶಾಲೆಯ ರಜಿಸ್ಟರ್ ತೆಗೆಸಿ ನೋಡಿ. ಆಮೇಲೆ ಹೊಲದ ಉತಾರ (ಜಮೀನು ದಾಖಲೆಯ ನಕಲು), ಕೈಬರಹದ ಹಳೆಯ ಪಹಣಿ, ಹಕ್ಕು ಬದಲಾವಣೆಯ ದಾಖಲೆ. ಮುಂಬಯಿ ಪ್ರಾಂತ್ಯದ ಕಾಲದ ಕಾಗದಗಳು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿದ್ದರೆ ಗಾಬರಿಯಾಗಬೇಡಿ, ಮೋಡಿ ಓದಬಲ್ಲವರು ಈಗಲೂ ಇದ್ದಾರೆ. ಹರಿದ್ವಾರಕ್ಕೆ ಹೋಗಿ ಕರ್ಮ ಮಾಡಿಸುವ ರೂಢಿ ಮನೆಯಲ್ಲಿದ್ದರೆ ಅಲ್ಲಿನ ಪಂಡಾಗಳು, ಅಂದರೆ ಪುರೋಹಿತರು, ಇಟ್ಟಿರುವ ವಹಿ ಪುಸ್ತಕಗಳಲ್ಲೂ ಹಿರಿಯರ ಹೆಸರು ಸಿಕ್ಕೀತು.

ಕೊಡಗಿನವರಿಗೆ ಈ ಕಷ್ಟ ಕಡಿಮೆ. ಒಕ್ಕದ, ಅಂದರೆ ಮನೆತನದ, ಹೆಸರು ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಕೊಡಂದೇರ ಒಕ್ಕದವರು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಹಾಕಿ ಹಬ್ಬದಲ್ಲಿ ತಂಡ ಕಟ್ಟುವುದೇ ಒಕ್ಕದ ಹೆಸರಿನಲ್ಲಿ. ತುಳುನಾಡಿನಲ್ಲಿ ಮಾತ್ರ ಎರಡು ಕಡೆ ವಿಚಾರಿಸಬೇಕು, ಶೆಟ್ಟಿ, ರೈ ಎಂಬುದು ಈಗ ಹೆಚ್ಚಾಗಿ ತಂದೆಯಿಂದ ಬರುತ್ತದೆ, 'ಬರಿ' ಎಂಬ ಕುಲದ ಹೆಸರು ತಾಯಿಯಿಂದ ಬರುತ್ತದೆ. ಮಂಗಳೂರಿನ ಕ್ರೈಸ್ತರ ಡಿಸೋಜ, ಪಿಂಟೊ, ಲೋಬೊ ಪೋರ್ಚುಗೀಸರ ಕಾಲದ ಹೆಸರುಗಳು. ಅವರು ಚರ್ಚಿನ ಬ್ಯಾಪ್ಟಿಸಂ ರಜಿಸ್ಟರಿನಿಂದ ಹಿಂದಕ್ಕೆ ಹೋಗಬೇಕು.

ಹೊರದೇಶದವರ ಅಡ್ಡಹೆಸರು ಅನಾದಿ ಕಾಲದ್ದು, ನಮ್ಮದು ಅರೆಬರೆ ಎಂಬ ಕೀಳರಿಮೆ ಕೆಲವರಿಗೆ. ಫಿಲಿಪ್ಪೀನ್ಸಿನಲ್ಲಿ 1849ರಲ್ಲಿ ಸ್ಪೇನಿನ ಗವರ್ನರ್ ಕ್ಲಾವೇರಿಯಾ ಹೆಸರುಗಳ ಒಂದು ಪಟ್ಟಿಯನ್ನೇ ಅಚ್ಚು ಹಾಕಿಸಿ ಊರೂರಿಗೆ ಹಂಚಿದ. ಜಪಾನಿನ ಜನಸಾಮಾನ್ಯರಿಗೆ ಅಡ್ಡಹೆಸರು ಕಡ್ಡಾಯವಾದದ್ದು 1875ರಲ್ಲಿ, ಥಾಯ್ಲೆಂಡಿನಲ್ಲಿ ಕಾನೂನು ಬಂದದ್ದು 1913ರಲ್ಲಿ, ಟರ್ಕಿಯಲ್ಲಿ 1934ರಲ್ಲಿ. ಅಲ್ಲೂ ಯಾರೋ ಒಬ್ಬ ಗುಮಾಸ್ತ ಪುಸ್ತಕ ಬಿಚ್ಚಿಕೊಂಡು ಬರೆದದ್ದೇ. ಐಸ್‌ಲೆಂಡಿನ ಹೆಚ್ಚಿನವರಿಗೆ ಇವತ್ತಿಗೂ ಮನೆತನದ ಹೆಸರಿಲ್ಲ, ತಂದೆಯ ಅಥವಾ ತಾಯಿಯ ಹೆಸರಿಗೆ ಮಗ, ಮಗಳು ಎಂದು ಸೇರಿಸಿಕೊಳ್ಳುತ್ತಾರೆ. ಅಲ್ಲಿನ ಟೆಲಿಫೋನ್ ಡೈರೆಕ್ಟರಿ ಸ್ವಂತ ಹೆಸರಿನ ಅಕ್ಷರಾನುಕ್ರಮದಲ್ಲಿತ್ತು. ಮೈಸೂರಿನವರು ತಲೆ ತಗ್ಗಿಸಬೇಕಾದ ಕಾರಣವೇ ಇಲ್ಲ.

ಇನ್ನು ಅರ್ಜಿ. ಪಾಸ್‌ಪೋರ್ಟಿಗೂ ಪ್ಯಾನ್ ಕಾರ್ಡಿಗೂ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಕಲಂ ಖಾಲಿ ಬಿಡುವುದು ಸುಲಭ ಅನಿಸುತ್ತದೆ, ಬಿಡಬೇಡಿ. ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬೀಳುತ್ತದೆ. ಸ್ವಂತ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಒಂಟಿ ಹೆಸರಿನ ಪಾಸ್‌ಪೋರ್ಟಿನ ಪ್ರವಾಸಿಗಳನ್ನು ಸೇರಿಸಿಕೊಳ್ಳುವುದಕ್ಕೆ ಯುಎಇ 2022ರ ನವೆಂಬರಿನಲ್ಲಿ ನಿರ್ಬಂಧ ಹಾಕಿತು.

ಹಾಗಾದರೆ ಆ ಕಲಂನಲ್ಲಿ ತಂದೆಯ ಹೆಸರೋ, ಊರಿನ ಹೆಸರೋ? ಕುವೆಂಪು ಅವರ ಮನೆಯ ಹೆಸರುಗಳನ್ನೇ ನೋಡಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅವರ ಮಗ ಕುಪ್ಪಳಿ ಪುಟ್ಟಪ್ಪ ಪೂರ್ಣಚಂದ್ರ ತೇಜಸ್ವಿ. ಎರಡನೆಯ ಅಕ್ಷರ ಬದಲಾಯಿತು, ಮೊದಲನೆಯದು ಉಳಿಯಿತು. ತಂದೆಯ ಹೆಸರನ್ನು ಸರ್‌ನೇಮ್ ಮಾಡಿಕೊಂಡರೆ ಒಂದೋ ಪ್ರತಿ ತಲೆಮಾರಿಗೂ ಅದು ಬದಲಾಗುತ್ತದೆ, ಇಲ್ಲವೇ ನಿಮ್ಮ ಮಕ್ಕಳು ಅಜ್ಜನ ಹೆಸರು ಹೊತ್ತು ತಿರುಗುತ್ತಾರೆ. ಮುಂದುವರಿಯಲೆಂದೇ ಇರುವುದು ಊರಿನ ಅಥವಾ ಮನೆಯ ಹೆಸರು. ಇನ್ನೂ ಯಾವ ದಾಖಲೆಯೂ ಗಟ್ಟಿಯಾಗದ ಚಿಕ್ಕ ಮಕ್ಕಳಿಗೆ ನಾನು ಹೇಳುವುದು ಅದನ್ನೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಈಗಾಗಲೇ ತಂದೆಯ ಹೆಸರು ಬಿಡಿಸಿ ಬರೆದಿದ್ದರೆ ಅದನ್ನೇ ಇಟ್ಟುಕೊಳ್ಳಿ, ಊರಿನ ಮೇಲಿನ ಪ್ರೀತಿಗೆ ಹತ್ತು ದಾಖಲೆ ತಿದ್ದಿಸಬೇಡಿ. ಅಣ್ಣ, ತಂಗಿ ಎಲ್ಲರಿಗೂ ಒಂದೇ ಇರಲಿ.

ಮದುವೆಯಾದ ಹೆಣ್ಣುಮಕ್ಕಳು ಗಂಡನ ಅಡ್ಡಹೆಸರು ಹಚ್ಚಿಕೊಳ್ಳಲೇಬೇಕು ಎಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಅತ್ತೆಯ ಮನೆಯವರು ಕೇಳಿದರೆ ನೇರವಾಗಿ ಹೇಳಿ. ಬದಲಿಸುವ ಮನಸ್ಸಿದ್ದರೆ ಎಲ್ಲ ಕಡೆ ಬದಲಿಸಿ, ಬ್ಯಾಂಕಿನಲ್ಲಿ ತವರಿನದು, ಆಧಾರದಲ್ಲಿ ಗಂಡನದು ಎಂದಾಗಬಾರದು.

ಇಂಗ್ಲಿಷ್ ಅಕ್ಷರಗಳನ್ನು ಮನೆಯವರೆಲ್ಲ ಕೂಡಿ ಒಮ್ಮೆ ನಿಶ್ಚಯಿಸಿ. ಹಿರೇಮಠದ ಕೊನೆಗೆ 'ಎಚ್' ಇರಬೇಕೋ ಬೇಡವೋ, ಬಡಿಗೇರದ ಕೊನೆಗೆ 'ಎ' ಬೇಕೋ ಬೇಡವೋ ಎಂಬಷ್ಟಕ್ಕೇ ತಂದೆ ಮಗನ ಸಂಬಂಧ ಸಾಬೀತು ಮಾಡಲು ಅಫಿಡವಿಟ್ ಮಾಡಿಸಿದವರಿದ್ದಾರೆ. ಮಗು ಹತ್ತನೆಯ ತರಗತಿಗೆ ಹೋಗುವ ಮೊದಲೇ ಶಾಲೆಗೆ ಹೋಗಿ ರಜಿಸ್ಟರಿನಲ್ಲಿ ಹೇಗಿದೆ ಎಂದು ಕಣ್ಣಾರೆ ನೋಡಿ ಬನ್ನಿ. ತಿದ್ದುವುದಿದ್ದರೆ ಆಗಲೇ ಮುಖ್ಯೋಪಾಧ್ಯಾಯರ ಹತ್ತಿರ ಅರ್ಜಿ ಕೊಡಿ. ಅಂಕಪಟ್ಟಿ ಅಚ್ಚಾದ ಮೇಲೆ ಆ ಕೆಲಸಕ್ಕೆ ಬಹಳ ಓಡಾಟ.

ಕೊನೆಯದಾಗಿ ಒಂದು ಹಾಳೆ ತೆಗೆದುಕೊಳ್ಳಿ. ಅಡ್ಡಹೆಸರು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಮೂಲ ಊರು ಮತ್ತು ತಾಲೂಕು, ಮನೆದೇವರು, ಬೆಡಗು ಅಥವಾ ಗೋತ್ರ, ಗೊತ್ತಿರುವಷ್ಟು ತಲೆಮಾರಿನ ಗಂಡಸರ, ಹೆಂಗಸರ ಹೆಸರು, ಇದನ್ನೆಲ್ಲ ಯಾರು ಹೇಳಿದರು, ಯಾವ ತಾರೀಖಿಗೆ ಎಂದು ಬರೆಯಿರಿ. ಒಂದು ಪ್ರತಿ ಹೊಲಮನೆಯ ಕಾಗದದ ಜೊತೆ ಇರಲಿ, ಒಂದೊಂದು ಪ್ರತಿ ಅಣ್ಣತಮ್ಮಂದಿರಿಗೆ, ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರಿಗೆ ಹೋಗಲಿ.