ಆನೆಗೆ ದಾರಿ ಬಿಟ್ಟ ರಾತ್ರಿ

ಹಗಲೆಲ್ಲ ನಾನು ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟವಾದ ಮೇಲೆ ಎರಡು ತಾಸು ರೋಮಿನ ಸ್ಕಿಪಿಯೋ ಮನೆತನದ ದಂಡನಾಯಕ. ‘ರೋಮ್: ಟೋಟಲ್ ವಾರ್’ 2004ರಲ್ಲಿ ಬಂದ ಕಂಪ್ಯೂಟರ್ ಯುದ್ಧದ ಆಟ. ನನ್ನ ಲ್ಯಾಪ್‌ಟಾಪ್ ಕೂಡ ಅದರ ವಾರಿಗೆಯದೇ ಎಂದು ಅಕ್ಕನ ಮಗ ಹಂಗಿಸುತ್ತಾನೆ. ಹಂಗಿಸಿದರೂ ರಜೆಗೆ ಬಂದಾಗ ಪಕ್ಕದಲ್ಲಿ ಕುಳಿತು ಕಣ್ಣು ಮಿಟುಕಿಸದೆ ನೋಡುವವನು ಅವನೇ.

ಆಟ ಕ್ರಿ.ಪೂ. 270ರಲ್ಲಿ ಶುರುವಾಗುತ್ತದೆ. ಸ್ಕಿಪಿಯೋ ಮನೆತನ ಆಯ್ದುಕೊಂಡವರಿಗೆ ಸಿಸಿಲಿ ದ್ವೀಪವೇ ಮೊದಲ ತಲೆನೋವು. ಮೆಸ್ಸಾನಾ ನಮ್ಮದು, ಸಿರಾಕ್ಯೂಸ್ ಗ್ರೀಕರದು, ಪಶ್ಚಿಮದ ತುದಿಯ ಲಿಲಿಬೇಯಂ ರೋಮಿನ ವೈರಿ, ಉತ್ತರ ಆಫ್ರಿಕಾದ ಕಾರ್ತೇಜಿನದು. ಕಳೆದ ಮೇ ತಿಂಗಳಲ್ಲಿ ಸಿರಾಕ್ಯೂಸ್ ಹಿಡಿದು, ಗಾಯಾಳುಗಳನ್ನೂ ಬದಲಿಸದೆ ಲಿಲಿಬೇಯಂ ಕಡೆ ಹೊರಟಿದ್ದೆ. ಅವಸರ ನನ್ನದೇ, ಯಾರನ್ನೂ ದೂರುವಂತಿಲ್ಲ. ದಾರಿಯಲ್ಲಿ ಕಾರ್ತೇಜಿನ ದೊಡ್ಡ ದಂಡೊಂದು ಮೈಮೇಲೆ ಬಂತು. ಪಟ್ಟಿ ನೋಡಿದೆ: ಅವರು ಒಂಬೈನೂರರ ಮೇಲೆ, ನಾನು ಆರುನೂರು ಚಿಲ್ಲರೆ. ಐಬೀರಿಯಾದ ಕಾಲಾಳು, ಲಿಬಿಯಾದ ಈಟಿಯವರು, ಕುದುರೆಗಳು. ಕೊನೆಯಲ್ಲಿ ಎರಡು ತುಕಡಿ ಆನೆ.

ನನಗೆ ಹೆದರಿಕೆಯಾಗಲಿಲ್ಲ, ಸಂತೋಷವಾಯಿತು. ಏಕೆಂದರೆ ಆನೆಗೆ ಉತ್ತರ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಕ್ರಿ.ಪೂ. 202ರಲ್ಲಿ ಜಾಮಾ ಬಯಲಿನಲ್ಲಿ ಕಾರ್ತೇಜಿನ ದಂಡನಾಯಕ ಹ್ಯಾನಿಬಲ್ ಎಂಬತ್ತು ಆನೆಗಳನ್ನು ಮುಂದೆ ನಿಲ್ಲಿಸಿದ್ದ. ರೋಮಿನ ದಂಡನಾಯಕ ಸ್ಕಿಪಿಯೋ ತನ್ನ ತುಕಡಿಗಳನ್ನು ಒಂದರ ಹಿಂದೆ ಒಂದು ನೇರವಾಗಿ ನಿಲ್ಲಿಸಿ, ನಡುವೆ ಓಣಿಗಳನ್ನು ಬಿಟ್ಟ. ಆ ಓಣಿಗಳು ಮೊದಲಿಗೆ ಕಾಣದಂತೆ ಭರ್ಜಿ ಎಸೆಯುವ ವೆಲಿಟೆಸ್ ಹುಡುಗರನ್ನು ಅಲ್ಲಿ ತುಂಬಿದ. ಆನೆಗಳು ಬಂದಾಗ ಹುಡುಗರು ಸರಿದರು, ಆನೆಗಳು ಓಣಿಯಲ್ಲಿ ನುಗ್ಗಿ ಹಿಂದಕ್ಕೆ ಹೋದವು. ಕಹಳೆಯ ಸದ್ದಿಗೆ ಬೆದರಿದ ಕೆಲವು ತಿರುಗಿ ಕಾರ್ತೇಜಿನ ಕುದುರೆಗಳ ಮೇಲೇ ಬಿದ್ದವು. ನಮ್ಮ ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಹೊರಟಾಗ ಜನ ತಾವಾಗಿಯೇ ಎರಡು ಪಾಲಾಗುವುದಿಲ್ಲವೇ, ಹಾಗೆ.

ನಾನೂ ಓಣಿ ಬಿಟ್ಟೆ. ರೋಮಿನ ಕಾಲಾಳಿನ ಮೂರು ಸಾಲು: ಮುಂದೆ ನಾಲ್ಕು ತುಕಡಿ ಹಸ್ತಾತಿ, ಹಿಂದೆ ನಾಲ್ಕು ಪ್ರಿನ್ಸಿಪೆಸ್, ಕೊನೆಗೆ ಎರಡು ತ್ರಿಯಾರಿ. ಸ್ಕೇಲಿಟ್ಟು ಗೆರೆ ಎಳೆದ ಹಾಗಿತ್ತು. ಆನೆಗಳು ಬಂದವು. ಓಣಿಯ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಎಡಗಡೆಯ ಹಸ್ತಾತಿಯ ಮೇಲೆ ಬಿದ್ದವು, ಜನ ಗಾಳಿಯಲ್ಲಿ ಹಾರಿದರು. ತಡೆಯಲು ಹೋದ ನನ್ನ ದಂಡನಾಯಕ ಸತ್ತ. ನಾಯಕ ಸತ್ತ ಸುದ್ದಿ ಹರಡಿದ್ದೇ ತಡ, ತುಕಡಿಗಳ ಮೇಲೆ ಒಂದೊಂದಾಗಿ ಬಿಳಿ ಬಾವುಟ ಎದ್ದವು, ಅಂದರೆ ಎಲ್ಲರೂ ಓಟ ಕಿತ್ತರು.

ಆ ರಾತ್ರಿ ಮಾಳಿಗೆಯ ಮೇಲೆ ಮಲಗಿ ಯೋಚಿಸಿದೆ. ಸೆಕೆಗೆ ನಿದ್ದೆ ಹೇಗೂ ಬರುವಂತಿರಲಿಲ್ಲ. ನಿಜವಾದ ಆನೆ ಸುಲಭದ ದಾರಿ ಹುಡುಕುತ್ತದೆ. ಆಟದ ಆನೆಗೆ ದಾರಿ ಬೇಕಿಲ್ಲ, ಗುರಿ ಬೇಕು. ಕಂಪ್ಯೂಟರ್ ಅದಕ್ಕೆ ಒಂದು ತುಕಡಿಯನ್ನು ತೋರಿಸುತ್ತದೆ, ಅದು ಆ ತುಕಡಿಯ ಕಡೆಗೇ ನಡೆಯುತ್ತದೆ. ಹಾಗಾದರೆ ನಾನು ಕೊಡಬೇಕಾದದ್ದು ಬರಿಯ ಓಣಿಯಲ್ಲ; ಓಣಿಯೊಳಗೆ ಓಡುವ ಎರೆ.

ಮರುದಿನ, ನನ್ನ ಸರದಿ (ಟರ್ನ್) ಮುಗಿಸುವ ಮೊದಲೇ ಉಳಿಸಿಟ್ಟಿದ್ದ ಕಡತದಿಂದ ಮತ್ತೆ ಶುರು ಮಾಡಿದೆ. ದಂಡು ಮತ್ತೆ ಬಂದು ಬಿತ್ತು. ಈ ಸಲ ನಡುವೆ ಒಂದೇ ಅಗಲವಾದ ಓಣಿ. ಅದರ ಬಾಯಿಯಲ್ಲಿ ಎರಡು ತುಕಡಿ ವೆಲಿಟೆಸ್, ಎಲ್ಲರಿಗಿಂತ ಮುಂದೆ. ಈ ಹುಡುಗರಿಗೆ ಒಂದು ಗುಣವಿದೆ: ಶತ್ರು ಹತ್ತಿರ ಬಂದರೆ ತಾವಾಗಿಯೇ ಹಿಂದೆ ಸರಿಯುವಂತೆ ಆದೇಶ ಕೊಟ್ಟಿಡಬಹುದು. ಆನೆಗಳು ಅವರ ಬೆನ್ನು ಹತ್ತಿ ಓಣಿಯೊಳಗೆ ಬರುವುದನ್ನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಕರೆಂಟ್ ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಚಾರ್ಜರ್ ತೆಗೆದರೆ ಹದಿನೈದು ನಿಮಿಷ ಬದುಕಿದರೆ ಪುಣ್ಯ, ಈ ಆಟದಲ್ಲಿ ಕದನದ ನಡುವೆ ಉಳಿಸುವ ಸೌಲಭ್ಯವಿಲ್ಲ. ಪರದೆ ಕಪ್ಪಾದಾಗ ಅಳಿಯನೇ ಬೈದ, ನಾನಲ್ಲ.

ಮೂರನೆಯ ರಾತ್ರಿ ಮೊದಲು ಬ್ಯಾಟರಿ ತುಂಬಿಸಿದೆ. ಅಕ್ಕ ತಟ್ಟೆಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಇಟ್ಟು ಹೋದಳು. ಅದು ಹಾಗೆಯೇ ಉಳಿಯಿತು. ಉಳಿದ ಎರಡು ವೆಲಿಟೆಸ್ ತುಕಡಿಗಳನ್ನು ಓಣಿಯ ಎರಡೂ ಬದಿಗೆ, ಪ್ರಿನ್ಸಿಪೆಸ್ ಹಿಂದೆ ಇಟ್ಟೆ. ಓಣಿಯ ಅಂಚಿನ ಹಸ್ತಾತಿಗೆ ಸಾಲು ಸಡಿಲಿಸಿ ನಿಲ್ಲಲು ಹೇಳಿದೆ. ಒತ್ತಾಗಿ ನಿಂತರೆ ಆನೆಯ ಒಂದೇ ಬೀಸಿಗೆ ಹತ್ತು ಜನ ಹೋಗುತ್ತಾರೆ. ಓಣಿಯ ಕೊನೆಯಲ್ಲಿ ತ್ರಿಯಾರಿ, ಈಟಿ ಹಿಡಿದು. ದಂಡನಾಯಕನನ್ನು ಬಹಳ ಹಿಂದೆ ಒಂದು ದಿಬ್ಬದ ಮೇಲೆ ನಿಲ್ಲಿಸಿ, ಅವನನ್ನು ಮುಟ್ಟುವುದಿಲ್ಲವೆಂದು ಅಳಿಯನ ಮುಂದೆ ಆಣೆ ಮಾಡಿದೆ.

ಎರೆ ಓಡಿತು, ಆನೆಗಳು ಹಿಂಬಾಲಿಸಿದವು. ಆಟ ನಿಲ್ಲಿಸಿ ಎರಡೂ ಬದಿಯವರಿಗೆ ಆನೆಗಳನ್ನೇ ಗುರಿ ಮಾಡಿಕೊಟ್ಟು ಮತ್ತೆ ಬಿಟ್ಟೆ. ಎರಡು ಕಡೆಯಿಂದ ಭರ್ಜಿಗಳ ಮಳೆ. ಮುಂದಿನ ಆನೆ ಮುಗ್ಗರಿಸಿತು, ಹಿಂದಿನದು ಅದಕ್ಕೆ ತಾಗಿ ಅಡ್ಡ ತಿರುಗಿತು. ನಂತರ ಅವುಗಳಿಗೆ ಹುಚ್ಚೇ ಹಿಡಿಯಿತು. ಹುಚ್ಚು ಹಿಡಿದ ಆನೆಗೆ ನಮ್ಮವರು ಅವರವರು ಎಂಬ ಭೇದವಿಲ್ಲ. ಮೂರು ಆನೆಗಳು ನನ್ನ ಬಲಗಡೆಯ ಹಸ್ತಾತಿಯನ್ನು ಅರೆದು ಹಾಕಿದವು, ಉಳಿದವು ಹೊರಗೆ ನುಗ್ಗಿ ಲಿಬಿಯಾದ ಈಟಿಯವರ ನಡುವೆ ಹೋದವು. ನಾವೇ ಕಾರ್ತೇಜ್ ಆದರೆ ಇಂಥ ಆನೆಗಳನ್ನು ಕೊಲ್ಲುವ ಬಟನ್ ಒಂದು ಪರದೆಯ ಮೇಲೆ ಸಿಗುತ್ತದೆ. ಅದು ಕಟ್ಟುಕತೆಯಲ್ಲ, ಹ್ಯಾನಿಬಲ್‌ನ ತಮ್ಮ ಹಸ್ದ್ರುಬಾಲ್ ಹುಚ್ಚೆದ್ದ ಆನೆಯನ್ನು ಕೊಲ್ಲಲು ತನ್ನ ಮಾವುತರಿಗೆ ಉಳಿ, ಸುತ್ತಿಗೆ ಕೊಟ್ಟಿದ್ದನೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಅಂದು ಎದುರಿಗಿದ್ದ ಕಂಪ್ಯೂಟರ್ ಆ ಬಟನ್ ಒತ್ತಲಿಲ್ಲ.

ಆಮೇಲಿನದು ಬರಿಯ ರುಬ್ಬಾಟ. ಐಬೀರಿಯಾದವರು ಎಡಗಡೆ ಒತ್ತುತ್ತಲೇ ಹೋದರು. ಹಸ್ತಾತಿ ಒಡೆಯಿತು, ಪ್ರಿನ್ಸಿಪೆಸ್ ತಾಳಿತು. ತ್ರಿಯಾರಿಯನ್ನು ಕಳಿಸಲು ಬೆರಳು ತವಕಿಸುತ್ತಿತ್ತು.

“ಮಾಮಾ, ಈಗ ಬೇಡ. ಕುದುರೆಗಳು ಇನ್ನೂ ಸುತ್ತಿ ಬಂದಿಲ್ಲ,” ಎಂದ ಅಳಿಯ.

ಅವನ ಮಾತು ಸರಿಯಾಗಿತ್ತು. ಅರ್ಧ ನಿಮಿಷದಲ್ಲಿ ಅವರ ಕುದುರೆಗಳು ಬೆನ್ನ ಹಿಂದೆ ಬಂದು ತ್ರಿಯಾರಿಯ ಈಟಿಗೆ ಸಿಕ್ಕವು. ಅಲ್ಲಿಗೆ ಅವರ ದಂಡನಾಯಕನೂ ಬಿದ್ದ. ನನ್ನ ಕುದುರೆಗಳನ್ನು ಅಷ್ಟು ಹೊತ್ತು ಕಟ್ಟಿಹಾಕಿದ್ದೆ. ಈಗ ಐಬೀರಿಯಾದವರ ಬೆನ್ನಿಗೆ ಬಿಟ್ಟೆ. ಕೊನೆಗೆ ಆಣೆ ಮುರಿದು ನನ್ನ ನಾಯಕನನ್ನೂ ದಿಬ್ಬದಿಂದ ಇಳಿಸಿದೆ. ಬಿಳಿ ಬಾವುಟಗಳು ಈ ಸಲ ಅವರ ಕಡೆ ಎದ್ದವು.

ಇನ್ನೂರ ಹನ್ನೊಂದು ಜನ ಉಳಿದಿದ್ದರು. ಎರೆಯಾಗಿ ಓಡಿದ ಎರಡು ತುಕಡಿಗಳಲ್ಲಿ ಒಂದರಿಂದ ಬದುಕಿದವರು ಒಂಬತ್ತು ಮಂದಿ. ಅವರನ್ನು ಬೇರೆ ತುಕಡಿಗೆ ಸೇರಿಸಲು ಮನಸ್ಸು ಬರಲಿಲ್ಲ.

ಆ ಕೂಡಲೇ ಸೇವ್ ಮಾಡಿದೆ. ಆಮೇಲೆ ಟರ್ನ್ ಮುಗಿಸಿದೆ. ಲಿಲಿಬೇಯಂ ಬಳಿಯ ತೀರದಲ್ಲಿ ಕಾರ್ತೇಜಿನ ಹಡಗೊಂದು ಬಂದು ನಿಂತು, ಹೊಸ ದಂಡೊಂದನ್ನು ಇಳಿಸಿತು. ಅಳಿಯ ತಟ್ಟೆ ಎಳೆದುಕೊಂಡು ರೊಟ್ಟಿ ಮುರಿಯುತ್ತ ಕೇಳಿದ: “ಅದರಲ್ಲಿ ಆನೆ ಇವೆಯೇ, ಮಾಮಾ?”