ರೀಲೋಡಿಂಗ್‌ಗೆ ಹಿತ್ತಾಳೆ ಕೇಸ್: ಒಣ ಪುಡಿಯೋ, ನೀರೋ?

ಟೆಕ್ಸಾಸ್‌ನಲ್ಲಿ ಹೊಸದಾಗಿ ರೀಲೋಡಿಂಗ್, ಅಂದರೆ ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕೇಸ್‌ಗೆ ಮತ್ತೆ ಮದ್ದುಗುಂಡು ತುಂಬುವುದು, ಶುರು ಮಾಡಿದವರಿಗೆ ಕೇಸ್ ತೊಳೆಯುವ ಬಗ್ಗೆ ಒಂದು ಮಾತು. ಕೇಸ್ ಉಜ್ಜುವ ಯಂತ್ರವಾದ ಟಂಬ್ಲರ್‌ಗೆ ವಾಲ್‌ನಟ್ ಚಿಪ್ಪಿನ ಪುಡಿ ಹಾಕಿದರೆ ಕೇಸ್‌ನ ಹೊರಗೆಲ್ಲ ಚೆನ್ನಾಗಿ ಹೊಳೆಯುತ್ತದೆ, ಒಣಗಿಸುವ ತಲೆನೋವಿಲ್ಲ. ಆದರೆ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಭಾಗ) ಕೂರುವ ಕುಳಿಯಲ್ಲಿ ಮಸಿ ಉಳಿಯುತ್ತದೆ. ದೂಳಿನಲ್ಲಿ ಸೀಸವೂ ಇರುತ್ತದೆ, ಮನೆಯೊಳಗೆ ಜರಡಿ ಹಿಡಿಯಲೇಬೇಡಿ.

ನನ್ನ ಓಟು ನೀರಿಗೆ. ಟಂಬ್ಲರ್‌ಗೆ ನೀರಿನ ಜೊತೆ ಸಣ್ಣ ಸ್ಟೀಲ್ ಪಿನ್, ಸ್ವಲ್ಪ ಪಾತ್ರೆ ಸೋಪು, ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್). ಅಜ್ಜಿ ಹುಣಸೆಹಣ್ಣಲ್ಲಿ ದೀಪ ಉಜ್ಜುತ್ತಿದ್ದರಲ್ವಾ, ಅದೇ ಹುಳಿಯ ಕೆಲಸ. ಜಾಸ್ತಿ ಹೊತ್ತು ಬಿಟ್ಟರೆ ಸತು ಕರಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಾನು ಒಮ್ಮೆ ರಾತ್ರಿಯಿಡೀ ಮರೆತು ಒಂದು ಡಬ್ಬಿ ಕೇಸ್ ಎಸೆದೆ. ತೊಳೆದ ಮೇಲೆ ಪೂರ್ತಿ ಒಣಗಿಸಿ, ಒಳಗೆ ಪಿನ್ ಸಿಕ್ಕಿಕೊಂಡಿದೆಯಾ ನೋಡಿ. ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡ, ಹಿತ್ತಾಳೆ ಬಿರುಕು ಬಿಡುತ್ತದೆ.