ಸಿನಿಮಾದ ಮಾತು ಬಿಡಿಬಿಡಿಯಾಗಿ ಕೇಳಬೇಕೇ? ಸೆಂಟರ್ ಸ್ಪೀಕರ್ ಕೂರಿಸುವ ಬಗೆ

ಹೊಡೆದಾಟ ಬಂದಾಗ ರಿಮೋಟ್ ಹಿಡಿದು ಸದ್ದು ತಗ್ಗಿಸುವುದು, ಮಾತು ಶುರುವಾದ ಕೂಡಲೇ ಮತ್ತೆ ಏರಿಸುವುದು. ಮನೆಯಲ್ಲಿ ಹೋಂ ಥಿಯೇಟರ್ ಇದ್ದೂ ಸಿನಿಮಾ ಮುಗಿಯುವವರೆಗೆ ಇದೇ ಕೆಲಸವಾಗಿದ್ದರೆ ಮೊದಲು ನೋಡಬೇಕಾದದ್ದು ಸೆಂಟರ್ ಸ್ಪೀಕರನ್ನು. 5.1 ಧ್ವನಿಯಲ್ಲಿ, ಅಂದರೆ ಐದು ಸ್ಪೀಕರಿಗೂ ತಗ್ಗು ಸದ್ದಿನ ಒಂದು ಸಬ್‌ವೂಫರಿಗೂ ಬೇರೆ ಬೇರೆಯಾಗಿ ಹಂಚಿದ ಧ್ವನಿಯಲ್ಲಿ, ಪಾತ್ರಗಳ ಮಾತಿನ ಬಹುಪಾಲು ಬರುವುದು ಅದರಿಂದಲೇ. ಆದರೂ ಮನೆಗಳಲ್ಲಿ ಅದಕ್ಕೆ ಸಿಗುವುದು ಟಿವಿ ಯೂನಿಟ್ಟಿನ ಕೆಳಗಿನ ಖಾನೆ, ಸೆಟ್ ಟಾಪ್ ಬಾಕ್ಸ್ ಪಕ್ಕದ ಮೂಲೆ. ಅಲ್ಲಿ ಕುಳಿತ ದುಬಾರಿ ಸ್ಪೀಕರಿಗಿಂತ ಸರಿಯಾದ ಎತ್ತರ, ಸರಿಯಾದ ಕೋನದಲ್ಲಿರುವ ಸಾಧಾರಣ ಸ್ಪೀಕರೇ ಮಾತನ್ನು ಚೆನ್ನಾಗಿ ಮುಟ್ಟಿಸುತ್ತದೆ. ಹೊಸದು ಕೊಳ್ಳುವ ಮೊದಲು ಇರುವುದನ್ನು ಸರಿಪಡಿಸಿ ನೋಡಿ. ಅರ್ಧ ದಿನ ಸಾಕು.

ಎಡ, ಬಲ ಎರಡು ಸ್ಪೀಕರ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸರಿಯಾಗಿ ಮಧ್ಯದಲ್ಲಿ ಕುಳಿತವರಿಗೆ ಸಾಕು, ಮಾತು ಪರದೆಯಿಂದಲೇ ಬಂದಂತೆ ಕೇಳುತ್ತದೆ. ಸೋಫಾದ ತುದಿಯಲ್ಲಿ ಕುಳಿತವರಿಗೆ ಹತ್ತಿರದ ಸ್ಪೀಕರಿನ ಸದ್ದು ಮೊದಲು ತಲುಪುವುದರಿಂದ ಮಾತೂ ಆ ಕಡೆಗೆ ವಾಲುತ್ತದೆ. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಫಿಲಡೆಲ್ಫಿಯಾದ ಆರ್ಕೆಸ್ಟ್ರಾವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕೇಳಿಸಿದಾಗಲೂ ಎಡ, ಮಧ್ಯ, ಬಲ ಎಂದು ಮೂರು ಚಾನೆಲ್ ಬಳಸಿತ್ತು. ನಾಲ್ಕೈದು ಜನ ಒಟ್ಟಿಗೆ ಕೂತು ನೋಡುವ ಮನೆಗೆ ಸೆಂಟರ್ ಬೇಕೇ ಬೇಕು.

ಜಾಗ ಮತ್ತು ಎತ್ತರ

ಅಳತೆ ಟೇಪು ತೆಗೆದುಕೊಳ್ಳಿ. ನೀವು ಸಾಮಾನ್ಯವಾಗಿ ಕೂರುವ ಜಾಗದಲ್ಲಿ ಕೂತು ನೆಲದಿಂದ ಕಿವಿಯ ಎತ್ತರ ಎಷ್ಟೆಂದು ಇನ್ನೊಬ್ಬರಿಂದ ಅಳೆಸಿ. ಸೋಫಾ ಆದರೆ ಇದು 95ರಿಂದ 105 ಸೆಂ.ಮೀ. ಒಳಗೆ ಬರುವುದು ರೂಢಿ. ಸ್ಪೀಕರಿನ ಟ್ವೀಟರ್, ಅಂದರೆ ಚಿಕ್ಕ ಗುಮ್ಮಟದಂಥ ಭಾಗ, ಇದೇ ಎತ್ತರದಲ್ಲಿದ್ದರೆ ಅತ್ಯುತ್ತಮ. ಆದರೆ ಆ ಜಾಗದಲ್ಲಿ ಟಿವಿ ಇರುತ್ತದೆ. ಹಾಗಾಗಿ ಟಿವಿಯ ಕೆಳಗೆ, ಅದರ ಅಂಚಿಗೆ ಆದಷ್ಟು ಹತ್ತಿರ ಇಡಿ. ಕೆಳಗೆ ಆಗದೇ ಇದ್ದರೆ ಮಾತ್ರ ಮೇಲೆ. ಅಡ್ಡಡ್ಡಲಾಗಿ ನೋಡಿದರೆ ಸ್ಪೀಕರಿನ ನಡು ಪರದೆಯ ನಡುವಿಗೆ ಹೊಂದಬೇಕು. ಎಡ, ಬಲದ ಸ್ಪೀಕರುಗಳು ಕೂರುವ ಜಾಗದಿಂದ ನೋಡಿದಾಗ ನಡುಗೆರೆಯಿಂದ ಆಚೀಚೆ 22ರಿಂದ 30 ಡಿಗ್ರಿಯಲ್ಲಿರಲಿ.

ಈಗ ವಾಲಿಸುವ ಕೆಲಸ. ಬಹಳ ಜನ ಬಿಟ್ಟುಬಿಡುವುದು ಇದನ್ನೇ, ಹೆಚ್ಚು ಫಲ ಕೊಡುವುದೂ ಇದೇ. ಟ್ವೀಟರ್ 50 ಸೆಂ.ಮೀ. ಎತ್ತರದಲ್ಲಿದೆ, ಕಿವಿ 100 ಸೆಂ.ಮೀ.ನಲ್ಲಿದೆ, ನಡುವಿನ ದೂರ 3 ಮೀಟರ್ ಎಂದಿಟ್ಟುಕೊಳ್ಳಿ. ಸ್ಪೀಕರ್ ಸುಮಾರು 9.5 ಡಿಗ್ರಿ ಮೇಲಕ್ಕೆ ಮುಖ ಮಾಡಬೇಕು. ಪೆಟ್ಟಿಗೆಯ ಆಳ 25 ಸೆಂ.ಮೀ. ಆದರೆ ಮುಂದಿನ ಅಂಚನ್ನು ನಾಲ್ಕು ಸೆಂ.ಮೀ.ಗಿಂತ ತುಸು ಹೆಚ್ಚು ಎತ್ತಬೇಕಾಗುತ್ತದೆ. ಬಾಗಿಲಿಗೆ ಇಡುವ ರಬ್ಬರ್ ಸ್ಟಾಪರ್ ಎರಡನ್ನು ಮುಂದಿನ ಎರಡು ಮೂಲೆಯ ಅಡಿಗೆ ತಳ್ಳಿ. ಎತ್ತರ ಸಾಲದಿದ್ದರೆ ಅದರ ಕೆಳಗೆ ಮರದ ಪಟ್ಟಿ ಕೊಡಿ. ಪೆಟ್ಟಿಗೆ ಹಿಂದಕ್ಕೆ ಜಾರದಂತೆ ಹಿಂಬದಿಗೂ ರಬ್ಬರ್ ತುಂಡು ಅಂಟಿಸಿ. ಕೋನ ಸರಿಯಾಯಿತೇ ಎಂದು ನೋಡಲು ಲೆಕ್ಕವೂ ಬೇಡ. ಜಾಲರಿ ಹಾಕಿದ ಸ್ಪೀಕರಿನ ಮುಖದ ಮೇಲೆ, ಟ್ವೀಟರ್ ಇರುವ ಕಡೆ, ಚಿಕ್ಕ ಚಪ್ಪಟೆ ಕನ್ನಡಿಯೊಂದನ್ನು ಒಬ್ಬರು ಒತ್ತಿ ಹಿಡಿಯಲಿ. ಸೋಫಾದಲ್ಲಿ ಕೂತ ನಿಮಗೆ ಕನ್ನಡಿಯಲ್ಲಿ ನಿಮ್ಮ ಮುಖವೇ ಕಂಡರೆ ಕೋನ ಸರಿ. ಎದೆ, ಹೊಟ್ಟೆ ಕಂಡರೆ ಇನ್ನೂ ಎತ್ತಬೇಕು.

ಖಾನೆಯೊಳಗೆ ಇಡಲೇಬೇಕಾದರೆ ಸ್ಪೀಕರಿನ ಮುಖ ಹಲಗೆಯ ಅಂಚಿಗಿಂತ ಒಂದೆರಡು ಸೆಂ.ಮೀ. ಹೊರಗೆ ಬರಲಿ. ಒಳಗೆ ಸರಿದಿದ್ದರೆ ಸದ್ದು ಕೆಳಗಿನ ಹಲಗೆಗೆ ಬಡಿದು ಸ್ವಲ್ಪ ತಡವಾಗಿ ಕಿವಿಗೆ ಬರುತ್ತದೆ, ನೇರ ಬಂದ ಸದ್ದಿನೊಂದಿಗೆ ಬೆರೆತು ಮಾತನ್ನು ಮಸುಕಾಗಿಸುತ್ತದೆ. ಹಿಂಬದಿಯಲ್ಲಿ ಗಾಳಿಯ ತೂತು ಇರುವ ಸ್ಪೀಕರಿಗೆ ಹಿಂದೆ 10ರಿಂದ 15 ಸೆಂ.ಮೀ. ಬಿಡಿ. ಇಕ್ಕಟ್ಟಾದ ಖಾನೆಯಲ್ಲಿ ಗಂಡಸರ ದನಿ ಕೊಡದೊಳಗಿಂದ ಬಂದಂತೆ ಗುಂಯ್‌ಗುಡುತ್ತದೆ. ಗಾಜಿನ ಹಲಗೆ ಬೇಡ. ಅದರ ಮೇಲೆ ಇಡಲೇಬೇಕಾದರೆ ಅಡಿಯಲ್ಲಿ ದಪ್ಪ ರಬ್ಬರ್ ಹಾಸಿ, ಇಲ್ಲದಿದ್ದರೆ ಗಾಜು ಜೊತೆಯಲ್ಲೇ ನಡುಗುತ್ತದೆ.

ಅಡ್ಡ ಪೆಟ್ಟಿಗೆಯ ಒಂದು ದೋಷ

ಎರಡು ವೂಫರ್, ಅಂದರೆ ತಗ್ಗು ಸದ್ದು ಕೊಡುವ ದೊಡ್ಡ ಕೋನ್, ನಡುವೆ ಒಂದು ಟ್ವೀಟರ್. ಅಂಗಡಿಯಲ್ಲಿ ಸಿಗುವ ಸೆಂಟರ್ ಸ್ಪೀಕರುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಎದುರಿಗೆ ಕುಳಿತವರಿಗೆ ತೊಂದರೆಯಿಲ್ಲ. ವೂಫರುಗಳ ನಡುವೆ 30 ಸೆಂ.ಮೀ. ಅಂತರವಿದ್ದು, ನೀವು 30 ಡಿಗ್ರಿ ಪಕ್ಕಕ್ಕೆ ಕುಳಿತಿದ್ದರೆ ಒಂದರ ಸದ್ದು ಇನ್ನೊಂದಕ್ಕಿಂತ 15 ಸೆಂ.ಮೀ. ಹೆಚ್ಚು ದೂರ ಸಾಗಿ ಬರುತ್ತದೆ. 1,100 ಹರ್ಟ್ಜ್ ಆಸುಪಾಸಿನ ಅಲೆಗೆ ಇದು ಅರ್ಧ ಅಲೆಯಷ್ಟು. ಒಂದು ಮೇಲೆದ್ದಾಗ ಇನ್ನೊಂದು ಕೆಳಗಿಳಿದು ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. ಮಾತಿನ ಸ್ಪಷ್ಟತೆಗೆ ಬೇಕಾದ ಪಟ್ಟಿಯೊಳಗೇ ಹೀಗೆ ಹಳ್ಳ ಬೀಳುತ್ತದೆ. ಸೋಫಾದ ತುದಿಯವರು ‘ಏನಂದ?’ ಎಂದು ಕೇಳುತ್ತಿದ್ದರೆ ಅವರ ಕಿವಿಯದಲ್ಲ, ಈ ಜ್ಯಾಮಿತಿಯ ತಪ್ಪಿರಬಹುದು.

ಆದ್ದರಿಂದ ಹೊಸದು ಕೊಳ್ಳುವಾಗ ಟ್ವೀಟರಿನ ಕೆಳಗೇ ಚಿಕ್ಕದೊಂದು ಮಿಡ್‌ರೇಂಜ್ (ನಡುಮಟ್ಟದ ಸದ್ದು ಕೊಡುವ ಭಾಗ) ಇರುವ ಮೂರು ಹಾದಿಯ (ಥ್ರೀ-ವೇ) ವಿನ್ಯಾಸ ಹುಡುಕಿ. ಎಡ, ಬಲದ ಸ್ಪೀಕರುಗಳ ಕಂಪನಿ ಮತ್ತು ಸರಣಿಯದ್ದೇ ಇರಲಿ. ಇಲ್ಲವಾದರೆ ಪರದೆಯ ಒಂದು ತುದಿಯಿಂದ ಇನ್ನೊಂದಕ್ಕೆ ಓಡುವ ಕಾರಿನ ಸದ್ದು ನಡುವೆ ಬಣ್ಣ ಬದಲಿಸುತ್ತದೆ. ಪ್ರೊಜೆಕ್ಟರ್ ಇದ್ದು, ಸದ್ದು ಹಾಯುವ ರಂಧ್ರದ ಪರದೆ ಹಾಕಿದವರಿಗಂತೂ ಎಡ, ಬಲದಂಥದೇ ಮೂರನೆಯ ಸ್ಪೀಕರನ್ನು ಪರದೆಯ ಹಿಂದೆ ನೆಟ್ಟಗೆ ನಿಲ್ಲಿಸುವಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ.

ವೈರಿಂಗ್

ಸ್ಪೀಕರುಗಳಿಗೆಲ್ಲ ಸದ್ದು ಹಂಚುವ ಪೆಟ್ಟಿಗೆಯಾದ ರಿಸೀವರಿನ ಪ್ಲಗ್ಗನ್ನೇ ಕಿತ್ತು ಕೆಲಸ ಶುರುಮಾಡಿ. 8 ಓಮ್ ಸ್ಪೀಕರಿಗೆ, 10 ಮೀಟರ್ ಒಳಗಿನ ಉದ್ದಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರ್ ಸಾಕು. ಅದಕ್ಕಿಂತ ಉದ್ದವಾದರೆ ಅಥವಾ ಸ್ಪೀಕರ್ 4 ಓಮಿನದಾದರೆ 2.5 ತೆಗೆದುಕೊಳ್ಳಿ. ತುದಿಯಲ್ಲಿ ಒಂದು ಸೆಂ.ಮೀ.ನಷ್ಟು ಸುಲಿದು ಎಳೆಗಳನ್ನು ಬಿಗಿಯಾಗಿ ಹುರಿ ಮಾಡಿ. ಒಂದೇ ಒಂದು ಎಳೆ ತಪ್ಪಿ ಪಕ್ಕದ ಟರ್ಮಿನಲ್ ಮುಟ್ಟಿದರೂ ರಿಸೀವರ್ ಆನ್ ಆದ ಕೂಡಲೇ ತನ್ನನ್ನು ಕಾಪಾಡಿಕೊಳ್ಳಲು ಪ್ರೊಟೆಕ್ಷನ್‌ಗೆ ಹೋಗಿ ಆರಿಬಿಡುತ್ತದೆ. ಬನಾನಾ ಪ್ಲಗ್ ಹಾಕಿದರೆ ಈ ಭಯವಿಲ್ಲ.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಸೆಂಟರ್ ಒಂದೇ ಅದಲುಬದಲಾದರೆ ಸದ್ದು ಬರುತ್ತದೆ, ಆದರೆ ಮೂರೂ ಸ್ಪೀಕರಿನಿಂದ ಬರುವ ಸದ್ದು ನಡುವೆ ಟೊಳ್ಳಾಗಿ, ದಿಕ್ಕಿಲ್ಲದೆ ಕೇಳುತ್ತದೆ. ಹಳೆಯ ವೈರಿನಲ್ಲಿ ಗುರುತು ಅಳಿಸಿದ್ದರೆ ರಿಸೀವರಿನ ಕಡೆಯ ತುದಿ ಬಿಚ್ಚಿ, 1.5 ವೋಲ್ಟ್ ಪೆನ್ ಟಾರ್ಚಿನ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ. ವೂಫರಿನ ಕೋನ್ ಹೊರಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ಎಳೆಯೇ ಕೆಂಪಿನದು.

ರಿಸೀವರಿನೊಳಗಿನ ಹೊಂದಿಕೆ

ಯಾಮಹಾದಲ್ಲಿ ವೈಪಿಎಒ, ಡೆನಾನ್‌ನಲ್ಲಿ ಆಡಿಸ್ಸಿ, ಹೀಗೆ ಹೆಸರು ಬೇರೆ, ಕೆಲಸ ಒಂದೇ: ಮೈಕಿನಿಂದ ಅಳೆದು ಸ್ಪೀಕರುಗಳ ಹೊಂದಿಕೆಯನ್ನು ರಿಸೀವರ್ ತಾನೇ ಮಾಡುವುದು. ಜೊತೆಗೆ ಬಂದ ಮೈಕನ್ನು ಕಿವಿಯ ಎತ್ತರಕ್ಕೆ ಕ್ಯಾಮೆರಾ ಟ್ರೈಪಾಡಿನ ಮೇಲೆ ನಿಲ್ಲಿಸಿ. ಸೋಫಾದ ಬೆನ್ನಿಗೆ ಒರಗಿಸಿದರೆ ಅಲ್ಲಿಂದ ಪುಟಿದ ಸದ್ದೂ ಲೆಕ್ಕಕ್ಕೆ ಸೇರಿ ಅಳತೆ ಕೆಡುತ್ತದೆ. ಫ್ಯಾನ್, ಎಸಿ ಆರಿಸಿ, ಕುಕ್ಕರ್ ಇಳಿಸಿ, ಕಿಟಕಿ ಮುಚ್ಚಿ, ನೀವೂ ಪಕ್ಕಕ್ಕೆ ಸರಿಯಿರಿ.

ಅಳತೆ ಮುಗಿದ ಮೇಲೆ ಮೆನುವಿನಲ್ಲಿ ಮೂರು ಕಡೆ ಕಣ್ಣಾಡಿಸಿ. ಸ್ಪೀಕರ್ ಗಾತ್ರ ‘ಲಾರ್ಜ್’ ಎಂದು ಬಂದಿದ್ದರೆ, ಸಬ್‌ವೂಫರ್ ಇರುವವರು ಅದನ್ನು ‘ಸ್ಮಾಲ್’ ಮಾಡಿ, ತಗ್ಗು ಸದ್ದು ಸಬ್‌ವೂಫರಿಗೆ ಹೋಗುವ ಗಡಿಯಾದ ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಡಿ. ಮೂರು ನಾಲ್ಕು ಇಂಚಿನ ವೂಫರ್ ಆದರೆ 100 ಅಥವಾ 120. ಯಂತ್ರವೇ ಇದಕ್ಕಿಂತ ಹೆಚ್ಚಿನ ಅಂಕಿ ಕೊಟ್ಟಿದ್ದರೆ ಕೆಳಗಿಳಿಸಬೇಡಿ. ದೂರ ಟೇಪಿನ ಅಳತೆಗೆ ಹತ್ತಿರವಿರಲಿ: 34 ಸೆಂ.ಮೀ. ವ್ಯತ್ಯಾಸ ಎಂದರೆ ಒಂದು ಮಿಲಿಸೆಕೆಂಡ್. ಇನ್ನು ಲೆವೆಲ್. ಟೆಸ್ಟ್ ಟೋನ್ ಹಾಕಿ ಮೂರೂ ಸ್ಪೀಕರ್ 75 ಡೆಸಿಬೆಲ್‌ಗೆ ಸರಿಸಮ ಬರುವಂತೆ ಮಾಡಿ. ಮೊಬೈಲ್ ಆ್ಯಪ್ ತೋರಿಸುವ ಅಂಕಿ ಕರಾರುವಾಕ್ಕಲ್ಲ, ಒಂದಕ್ಕೊಂದು ಹೋಲಿಸಲು ಸಾಕು. ಆಮೇಲೂ ಮಾತು ಕ್ಷೀಣ ಅನ್ನಿಸಿದರೆ ಸೆಂಟರ್ ಒಂದನ್ನೇ ಒಂದೆರಡು ಡೆಸಿಬೆಲ್ ಏರಿಸಿ. ಮೂರನ್ನು ದಾಟಬೇಡಿ, ದನಿ ದೃಶ್ಯದಿಂದ ಬೇರ್ಪಟ್ಟು ಮುಂದೆ ಬಂದು ನಿಲ್ಲುತ್ತದೆ.

ಸೆಂಟರಿನಿಂದ ಸದ್ದೇ ಬರುತ್ತಿಲ್ಲವೇ?

ಟೆಸ್ಟ್ ಟೋನ್ ಬಂದು ಸಿನಿಮಾದಲ್ಲಿ ಬಾರದಿದ್ದರೆ ವೈರಿಂಗ್ ಸರಿಯಿದೆ, ಅಡಚಣೆ ಸಿಗ್ನಲ್ಲಿನದು. ಟಿವಿಯಿಂದ ಎಆರ್‌ಸಿ (ಎಚ್‌ಡಿಎಂಐ ಕೇಬಲ್ಲಿನಲ್ಲೇ ಟಿವಿಯ ಸದ್ದು ರಿಸೀವರಿಗೆ ಮರಳುವ ದಾರಿ) ಮೂಲಕ ಸದ್ದು ತರುತ್ತಿದ್ದರೆ ಟಿವಿಯ ಆಡಿಯೊ ಔಟ್‌ಪುಟ್ ‘ಪಿಸಿಎಂ’ನಲ್ಲಿದೆಯೇ ನೋಡಿ. ಆಗ ಹೋಗುವುದು ಎರಡೇ ಚಾನೆಲ್. ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್‌ಥ್ರೂ’ ಮಾಡಿ. ಒಟಿಟಿಯಲ್ಲಿ ಭಾಷೆಗೊಂದು ಟ್ರ್ಯಾಕ್ ಇರುವುದರಿಂದ ಅದೇ ಚಿತ್ರ ಒಂದು ಭಾಷೆಯಲ್ಲಿ 5.1, ಕನ್ನಡದಲ್ಲಿ ಬರೀ ಸ್ಟೀರಿಯೊ ಇರಬಹುದು. ಭಾಷೆ ಬದಲಿಸುವ ಮೆನುವಿನಲ್ಲಿ ಹೆಸರಿನ ಪಕ್ಕ 5.1 ಎಂದಿದೆಯೇ ನೋಡಿಕೊಳ್ಳಿ. ಸ್ಟೀರಿಯೊ ಮಾತ್ರ ಇದ್ದರೆ ರಿಸೀವರಿನಲ್ಲಿ ‘ಡಾಲ್ಬಿ ಸರೌಂಡ್’ ಮೋಡ್ ಹಾಕಿ, ಅದು ಮಾತನ್ನು ಸೋಸಿ ಸೆಂಟರಿಗೆ ಕಳಿಸುತ್ತದೆ. ‘ಡೈರೆಕ್ಟ್’ ಮೋಡಿನಲ್ಲಿ ಸ್ಟೀರಿಯೊ ಬಂದರೆ ಸೆಂಟರ್ ಮೌನವಾಗಿಯೇ ಇರುತ್ತದೆ.

ಎಲ್ಲ ಸರಿಯಿದ್ದೂ ಮಾತು ಕಲಸಿದಂತಿದ್ದರೆ ಕೋಣೆಯನ್ನು ನೋಡಿ. ವಿಟ್ರಿಫೈಡ್ ಟೈಲ್ಸ್ ನೆಲ, ಬೋಳು ಗೋಡೆ, ಪರದೆಯಿಲ್ಲದ ಕಿಟಕಿ ಸೇರಿದರೆ ಒಂದು ಪದದ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಚಪ್ಪಾಳೆ ತಟ್ಟಿ, ಕಿಣಿಕಿಣಿ ಎಂದು ಮರುದನಿ ಬಂದರೆ ಅದೇ ಗುರುತು. ಸ್ಪೀಕರ್ ಮತ್ತು ಸೋಫಾ ನಡುವೆ ದಪ್ಪ ಕಾರ್ಪೆಟ್ ಹಾಸಿ. ಜಮಖಾನವಾದರೆ ಎರಡು ಪದರ ಮಡಿಚಿ ಹಾಸಿದರೂ ತಕ್ಕಮಟ್ಟಿಗೆ ಆದೀತು. ಕಿಟಕಿಗೆ ನೆರಿಗೆಯ ಭಾರದ ಪರದೆ ಕಟ್ಟಿ.

ಇನ್ನು ಸೆಂಟರಿಗೆ ಎಲ್ಲೂ ತಕ್ಕ ಜಾಗವಿಲ್ಲ, ನೋಡುವವರೂ ಒಬ್ಬಿಬ್ಬರೇ ಎಂದಾದರೆ ಅದನ್ನು ನೆಲದ ಮೇಲೆ ಎಸೆದಂತೆ ಇಡುವ ಬದಲು ತೆಗೆದೇಬಿಡಿ. ಮೆನುವಿನಲ್ಲಿ ಸೆಂಟರ್ ‘ನನ್’ ಎಂದು ಕೊಟ್ಟರೆ ರಿಸೀವರ್ ಆ ಮಾತನ್ನು ಎಡಕ್ಕೂ ಬಲಕ್ಕೂ ಸಮನಾಗಿ ಹಂಚುತ್ತದೆ. ಸೆಟ್ಟಿಂಗ್ ಬದಲಿಸದೆ ಬರೀ ವೈರ್ ಕಿತ್ತರೆ ಮಾತ್ರ ಮಾತಿನ ಬಹುಪಾಲು ಮಾಯವಾಗುತ್ತದೆ.